ಪಾರ್ಶ್ವವಾಯುವಿನ ನಂತರ ಮೈಯ ಸಮತೋಲ: ಅಳತೆ ಮತ್ತು ಚಿಕಿತ್ಸೆ ಬೆಳೆದ ಬಗೆ

ಪಾರ್ಶ್ವವಾಯುವಿನಲ್ಲಿ ಕೈಕಾಲಿನ ಸ್ವಾಧೀನ ತಪ್ಪಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮುಂಡದ ಹಿಡಿತ ಸಡಿಲಾದದ್ದು ಅಷ್ಟು ಬೇಗ ಕಾಣುವುದಿಲ್ಲ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ‘ಲಕ್ವಾ ಹೊಡೆದಿದೆ’ ಎಂದೊಡನೆ ಕೈಕಾಲು ತಿಕ್ಕುವುದು ಶುರುವಾಗುತ್ತದೆ. ಆಸರೆಯಿಲ್ಲದೆ ರೋಗಿ ಕೂರಬಲ್ಲರೇ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ವೈದ್ಯಶಾಸ್ತ್ರವೂ ಆ ಪ್ರಶ್ನೆಗೆ ಬಂದದ್ದು ತಡವಾಗಿಯೇ.

20ನೆಯ ಶತಮಾನದ ನಡುಭಾಗದಲ್ಲಿ ಲಂಡನ್ನಿನ ಬರ್ಟಾ ಮತ್ತು ಕರೆಲ್ ಬೊಬಾತ್ ದಂಪತಿ ಸ್ನಾಯುಗಳ ಬಿಗಿತ ತಗ್ಗಿಸಿ, ಬಿದ್ದ (ಸ್ವಾಧೀನ ತಪ್ಪಿದ) ಪಕ್ಕದ ಮೇಲೂ ಭಾರ ಹಾಕಿಸುವ ಪದ್ಧತಿ ರೂಪಿಸಿದರು. 1982ರಲ್ಲಿ ಆಸ್ಟ್ರೇಲಿಯದ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಪರ್ಡ್ ಬೇರೆ ದಾರಿ ಹಿಡಿದರು: ಎದ್ದು ನಿಲ್ಲುವುದನ್ನು ಕಲಿಯಲು ಎದ್ದು ನಿಲ್ಲುವುದನ್ನೇ ಮತ್ತೆ ಮತ್ತೆ ಮಾಡಬೇಕು. ಇಂದಿನ ಒಲವು ಇದರತ್ತ.

1985ರಲ್ಲಿ ಪೆಟ್ರೀಷಿಯಾ ಡೇವಿಸ್ ವಿವರಿಸಿದ ಲಕ್ಷಣವೊಂದು ವಿಚಿತ್ರವಾದದ್ದು. ಕೆಲವು ರೋಗಿಗಳು ಗಟ್ಟಿಯಿರುವ ಕೈಯಿಂದಲೇ ತಮ್ಮನ್ನು ಬಿದ್ದ ಪಕ್ಕಕ್ಕೆ ನೂಕಿಕೊಳ್ಳುತ್ತಾರೆ; ನೆಟ್ಟಗೆ ಕೂರಿಸಲು ಹೋದರೆ ಇನ್ನೂ ಜೋರಾಗಿ ನೂಕುತ್ತಾರೆ. ಮನೆಯವರಿಗೆ ಅದು ಹಟದಂತೆ ತೋರುತ್ತದೆ. 2000ದಲ್ಲಿ ಜರ್ಮನಿಯ ಹಾನ್ಸ್-ಒಟ್ಟೊ ಕಾರ್ನಾತ್ ತಂಡ ಕಾರಣ ತೋರಿಸಿತು: ಮಿದುಳಿಗೆ ಪೆಟ್ಟಾದ ಬದಿಗೆ ಸುಮಾರು 18 ಡಿಗ್ರಿ ವಾಲಿದಾಗ ಮಾತ್ರ ಇವರಿಗೆ ನೆಟ್ಟಗಿದ್ದಂತೆ ಅನಿಸುತ್ತದೆ. ಕಣ್ಣು ಮಾತ್ರ ಸೊಟ್ಟ-ನೆಟ್ಟಗಳನ್ನು ಸರಿಯಾಗಿ ಗುರುತಿಸುತ್ತದೆ. ಆದ್ದರಿಂದ ಎಳೆದು ಕೂರಿಸುವ ಬದಲು ಎದುರಿನ ಬಾಗಿಲ ಚೌಕಟ್ಟನ್ನೋ ಪಡಸಾಲೆಯ ಕಂಬವನ್ನೋ ತೋರಿಸಿ, ಅದಕ್ಕೆ ಸರಿಯಾಗಿ ಮೈ ಹೊಂದಿಸಿಕೊಳ್ಳಲು ರೋಗಿಗೇ ಹೇಳುವುದು ಚಿಕಿತ್ಸೆಯಾಯಿತು.

ಅಳತೆಗೋಲುಗಳು ಇದರ ಜೊತೆಜೊತೆಗೇ ಬಂದವು. 1989ರಲ್ಲಿ ಕೆನಡಾದ ಕ್ಯಾಥರಿನ್ ಬರ್ಗ್ ರೂಪಿಸಿದ ಮಾಪಕದಲ್ಲಿ 14 ಕೆಲಸಗಳು, ಒಟ್ಟು 56 ಅಂಕ. ಕುರ್ಚಿ, ಸ್ಟೂಲು, ಗಡಿಯಾರ, ಅಳತೆಪಟ್ಟಿ ಇದ್ದರೆ ಸಾಕು. ಅದು ಊರೂರಿಗೆ ಹರಡಿದ್ದಕ್ಕೆ ಈ ಅಗ್ಗತನವೂ ಕಾರಣ. ನಿಲ್ಲಲಾಗದವರನ್ನೂ ಅಳೆಯಬಲ್ಲ ‘ಪಾಸ್’ ಮಾಪಕ 1999ರಲ್ಲಿ ಫ್ರಾನ್ಸಿನಿಂದ ಬಂತು. 2004ರಲ್ಲಿ ಬೆಲ್ಜಿಯಂನ ಗೀರ್ಟ್ ವೆರ್ಹೇಡನ್ ಮುಂಡಕ್ಕೆಂದೇ 23 ಅಂಕಗಳ ಮಾಪಕ ಕೊಟ್ಟರು. ಮಂಚದ ಅಂಚಿನಲ್ಲಿ ಕೂತ ರೋಗಿ ಬಿದ್ದ ಪಕ್ಕದ ಮೊಣಕೈಯನ್ನು ಮಂಚಕ್ಕೆ ಮುಟ್ಟಿಸಿ ಮತ್ತೆ ನೆಟ್ಟಗಾಗಬೇಕು. ಆಗ ಆ ಪಕ್ಕೆ ಕುಗ್ಗಿ ಇನ್ನೊಂದು ಹಿಗ್ಗುತ್ತದೆಯೇ ಎಂದು ನೋಡುತ್ತಾರೆ. ನುಲಿಯ ಹೊರಸಿನಲ್ಲಿ ಈ ಪರೀಕ್ಷೆ ಮಾಡುವಂತಿಲ್ಲ, ಅದು ಕೂತಲ್ಲೇ ಜೋತುಬೀಳುತ್ತದೆ. ಹಲಗೆಯ ಮಂಚವೋ ಮನೆಮುಂದಿನ ಕಟ್ಟೆಯೋ ಬೇಕು. ಕರ್ನಾಟಕದಲ್ಲಿ ಸುರುಳಿರಾಜ್ ಕಾರ್ತಿಕ್‌ಬಾಬು ಮತ್ತು ಸಂಗಡಿಗರು 2011ರಲ್ಲಿ 30 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಗಟ್ಟಿ ಮಂಚದ ಮೇಲಿನ ವ್ಯಾಯಾಮಕ್ಕಿಂತ ಗಾಳಿ ತುಂಬಿದ ದೊಡ್ಡ ಚೆಂಡಿನ ಮೇಲಿನ ವ್ಯಾಯಾಮ ಮುಂಡದ ಹಿಡಿತವನ್ನು ಹೆಚ್ಚು ಸುಧಾರಿಸಿತ್ತು.

ದೊಡ್ಡ ಪ್ರಯೋಗಗಳು ಕೆಲವು ನಂಬಿಕೆಗಳನ್ನು ಅಲುಗಿಸಿದವು. 2011ರಲ್ಲಿ ಅಮೆರಿಕದ 408 ರೋಗಿಗಳ ಅಧ್ಯಯನದಲ್ಲಿ, ಮೈಭಾರವನ್ನು ತೂಗುಪಟ್ಟಿಯಿಂದ ತಗ್ಗಿಸಿ ಟ್ರೆಡ್‌ಮಿಲ್ ಮೇಲೆ ನಡೆಸುವುದು, ಭೌತಚಿಕಿತ್ಸಕರು ಮನೆಯಲ್ಲೇ ಮಾಡಿಸುವ ವ್ಯಾಯಾಮಕ್ಕಿಂತ ಮೇಲೆನಿಸಲಿಲ್ಲ. ಹಳ್ಳಿಗೆ ಇದು ಒಳ್ಳೆಯ ಸುದ್ದಿ. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸುವ ಅವಸರ ಕೆಡುಕು ಮಾಡಬಹುದೆಂದು 2015ರ ‘ಅವರ್ಟ್’ ಪ್ರಯೋಗ ತಿಳಿಸಿತು. ಭಾರತದ 14 ಆಸ್ಪತ್ರೆಗಳಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ನೋಡಿದ ‘ಅಟೆಂಡ್’ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: ಆರು ತಿಂಗಳಿಗೆ ಸತ್ತವರು ಅಥವಾ ಪರಾವಲಂಬಿಗಳಾದವರು ತರಬೇತಿ ಪಡೆದ, ಪಡೆಯದ ಎರಡೂ ಗುಂಪಿನಲ್ಲಿ ಶೇ. 47. ಎಂದರೆ, ಕಲಿಸಿಕೊಟ್ಟು ಮನೆಗೆ ಕಳಿಸಿದರೆ ಭೌತಚಿಕಿತ್ಸಕರ ಕೆಲಸ ಮುಗಿಯುವುದಿಲ್ಲ.

ಮೇಲೆ ಹೇಳಿದ ಮಾಪಕಗಳಲ್ಲಿ ಒಂದು ಕೊರತೆಯಿದೆ. ಬರ್ಗ್ ಪಟ್ಟಿಯಲ್ಲಿ ಕುರ್ಚಿಯಿಂದ ಏಳುವುದಿದೆ, ನೆಲದಿಂದ ಏಳುವುದು ಇಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹಳ್ಳಿಮನೆಗಳಲ್ಲಿ ಊಟ ಮಾಡುವುದು ನೆಲದ ಮೇಲೆ, ಬಹಿರ್ದೆಸೆಗೆ ಕೂರುವುದು ಕುಕ್ಕರಗಾಲಲ್ಲಿ. ಹೊಸ್ತಿಲು ದಾಟಬೇಕು, ಮಳೆ ಬಂದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಭಾರವಾಗುತ್ತದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಳ್ಳೆಯ ಅಂಕ ಪಡೆದವರೂ ಊಟ ಮುಗಿಸಿ ಏಳಲು ಇನ್ನೊಬ್ಬರ ಕೈ ಬೇಡಬಹುದು. ಕಾರ್–ಶೆಪರ್ಡ್ ತತ್ವದಂತೆ ಇದನ್ನೂ ಬಿಡಿಬಿಡಿಯಾಗಿ ಕಲಿಸಬಹುದು: ಮೊದಲು ಎತ್ತರದ ಕುರ್ಚಿ, ಆಮೇಲೆ ಗಿಡ್ಡ ಸ್ಟೂಲು, ಮಣೆ, ಕೊನೆಗೆ ನೆಲ. ಏಳುವಾಗ ಮಂಡಿಯೂರಿ, ಗಟ್ಟಿ ಕಾಲನ್ನು ಮುಂದಿಟ್ಟು, ಕೈಯನ್ನು ಮಂಚದ ಮೇಲೋ ಕಟ್ಟೆಯ ಮೇಲೋ ಊರಬೇಕು. ಜೊತೆಗಿರುವವರು ರಟ್ಟೆ ಹಿಡಿದು ಎಳೆಯದೆ ಬಿದ್ದ ಪಕ್ಕದಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಬೇಕು.