ಕಾಸ್ಟ್ಲರ್, ಆಲ್ಫ್ರೆಡ್

1902-1984. ಫ್ರಾನ್ಸಿನ ಭೌತವಿಜ್ಞಾನಿ, ಪ್ರಾಧ್ಯಾಪಕ. ಪರಮಾಣುಗಳನ್ನು ಬೆಳಕಿನಿಂದಲೇ ಬೇಕಾದ ಸ್ಥಿತಿಗೆ ಒತ್ತರಿಸಿ, ಆ ಸ್ಥಿತಿಯನ್ನು ಮತ್ತೆ ಬೆಳಕಿನಿಂದಲೇ ಓದಿಕೊಳ್ಳುವ ವಿಧಾನವನ್ನು ರೂಪಿಸಿದವ. ಇದಕ್ಕೆ ದ್ಯುತಿ ಪಂಪಿಂಗ್ ಎಂದು ಹೆಸರು. ಈ ಕೆಲಸಕ್ಕಾಗಿ 1966ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿ ಈತನೊಬ್ಬನಿಗೇ ಸಂದಿತು.

ಹುಟ್ಟಿದ್ದು 1902ರ ಮೇ 3ರಂದು, ಆಲ್ಸೇಸ್ ಪ್ರಾಂತದ ಗೆಬ್‌ವಿಲೇರ್ ಎಂಬ ಊರಿನಲ್ಲಿ. ಆಗ ಅದು ಜರ್ಮನಿಗೆ ಸೇರಿತ್ತು. ಮೊದಲನೆಯ ಮಹಾಯುದ್ಧ ಮುಗಿದು ಆಲ್ಸೇಸ್ ಫ್ರಾನ್ಸಿಗೆ ಮರಳಿದಾಗ, ಕೊಲ್ಮಾರಿನ ಶಾಲೆಯಲ್ಲಿ ಓದುತ್ತಿದ್ದ ಹುಡುಗನ ದೇಶವೂ ಪಾಠದ ಭಾಷೆಯೂ ಒಟ್ಟಿಗೇ ಬದಲಾದವು. ಎರಡು ಭಾಷೆಗಳ ಈ ಬಾಳು ಮುಂದೆ ಉಪಯೋಗಕ್ಕೂ ಬಂತು. 1921ರಲ್ಲಿ ಪ್ಯಾರಿಸಿನ ಎಕೋಲ್ ನೊರ್ಮಾಲ್ ಸುಪೀರಿಯರ್ ಸೇರಿದ ಕಾಸ್ಟ್ಲರನಿಗೆ ಅಧ್ಯಾಪಕ ಯುಜೀನ್ ಬ್ಲೋಕ್, ಪರಮಾಣು ರಚನೆ ಮತ್ತು ರೋಹಿತರೇಖೆಗಳನ್ನು ಕುರಿತ ಸೊಮರ್‌ಫೆಲ್ಡನ ಜರ್ಮನ್ ಗ್ರಂಥವನ್ನು ಓದಲು ಹೇಳಿದ. ಪರಮಾಣು ಬೆಳಕನ್ನು ಹೀರುವಾಗ ಅಥವಾ ಹೊರಸೂಸುವಾಗ ಕೋನೀಯ ಸಂವೇಗದ ಲೆಕ್ಕ ತಪ್ಪುವಂತಿಲ್ಲ ಎಂಬ ರುಬಿನೋವಿಚನ ತತ್ತ್ವ ಕಣ್ಣಿಗೆ ಬಿದ್ದುದು ಅಲ್ಲಿ. ಕಾಸ್ಟ್ಲರನ ಮುಂದಿನ ಐವತ್ತು ವರ್ಷಗಳ ಸಂಶೋಧನೆಯನ್ನು ಈ ಒಂದು ಸಾಲಿನ ವಿಸ್ತರಣೆ ಎಂದರೂ ಸಲ್ಲುತ್ತದೆ.

ಸಂಶೋಧನೆಗೆ ಇಳಿಯುವುದು ಮಾತ್ರ ತಡವಾಯಿತು. 1926ರಿಂದ ಐದು ವರ್ಷ ಮುಲೂಸ್, ಕೊಲ್ಮಾರ್, ಬೋರ್ಡೊ ಊರುಗಳ ಪ್ರೌಢಶಾಲೆಗಳಲ್ಲಿ ಮೇಷ್ಟರ ಕೆಲಸ. ಪತ್ನಿ ಎಲೀಸ್ ಕೋಸೆ ಇತಿಹಾಸದ ಅಧ್ಯಾಪಕಿ. ದಂಪತಿಗೆ ಮೂವರು ಮಕ್ಕಳು. 1931ರಲ್ಲಿ ಬೋರ್ಡೊ ವಿಶ್ವವಿದ್ಯಾನಿಲಯದಲ್ಲಿ ಪಿಯೇರ್ ದೋರ್ ಎಂಬ ಪ್ರಾಧ್ಯಾಪಕನ ಸಹಾಯಕನಾದ ಮೇಲೆಯೇ ಪ್ರಯೋಗಕ್ಕೆ ಬಿಡುವು ಸಿಕ್ಕಿದ್ದು. ರಾಮನ್ ಪರಿಣಾಮ ಆಗಿನ್ನೂ ಮೂರು ವರ್ಷದ ಕೂಸು. ಕಾಸ್ಟ್ಲರನ ಮೊದಲ ಬರೆಹಗಳಲ್ಲಿ ಒಂದು ಅದಕ್ಕೇ ಸಂಬಂಧಿಸಿದ್ದು: ರಾಮನ್ ರೋಹಿತದ ಕೆಲವು ರೇಖೆಗಳಲ್ಲಿ ಬೆಳಕಿನ ವೃತ್ತೀಯ ಧ್ರುವೀಕರಣ ಏಕೆ ತಿರುಗುಮುರುಗಾಗುತ್ತದೆ ಎಂಬುದನ್ನು ಕೋನೀಯ ಸಂವೇಗದ ಲೆಕ್ಕದಿಂದ ವಿವರಿಸಿದ. ಹರಳುಗಳಲ್ಲಿನ ರಾಮನ್ ಪರಿಣಾಮದ ಮೇಲೆ ಮುಂದೆ ರೂಸೆ ಎಂಬಾತನೊಡನೆಯೂ ಕೆಲಸ ಮಾಡಿದ. ಪಾದರಸದ ಆವಿಯ ಪ್ರತಿದೀಪ್ತಿಯನ್ನು ಕುರಿತ ಪ್ರೌಢಪ್ರಬಂಧ 1936ರಲ್ಲಿ ಮುಗಿಯಿತು. ಆಗ ವಯಸ್ಸು ಮೂವತ್ತನಾಲ್ಕು. ಕ್ಲೆರ್‌ಮೋನ್-ಫೆರಾನಿನಲ್ಲಿ ಎರಡು ವರ್ಷ ಕಳೆದು, 1938ರಲ್ಲಿ ಬೋರ್ಡೊಗೆ ಪ್ರಾಧ್ಯಾಪಕನಾಗಿ ಮರಳಿದ.

1941ರಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ಪ್ಯಾರಿಸಿಗೆ, ಎಕೋಲ್ ನೊರ್ಮಾಲಿನ ಭೌತವಿಜ್ಞಾನ ಬೋಧನೆಗೆ ಬರುವಂತೆ ಜಾರ್ಜ್ ಬ್ರೂಆ ಕರೆದ. ಕರೆದವನನ್ನೇ 1944ರಲ್ಲಿ ನಾಜಿಗಳು ಬಂಧಿಸಿದರು. ಮರುವರ್ಷ ಆತ ಸೆರೆಶಿಬಿರದಲ್ಲಿ ತೀರಿಕೊಂಡ. ಬ್ರೂಆ ಬರೆದಿದ್ದ ದ್ಯುತಿವಿಜ್ಞಾನದ ಪಠ್ಯಪುಸ್ತಕವನ್ನು ಪರಿಷ್ಕರಿಸಿ ಉಳಿಸಿದವನು ಕಾಸ್ಟ್ಲರನೇ.

ಯುದ್ಧಾನಂತರದ ಮುಖ್ಯ ಕೆಲಸವೆಲ್ಲ ಶಿಷ್ಯ ಜಾನ್ ಬ್ರೊಸೆಲ್ ಜೊತೆಗೂಡಿ ನಡೆದದ್ದು. ಪಾದರಸದ 253.7 ನ್ಯಾನೊಮೀಟರ್ ರೇಖೆಯನ್ನು (ನಮ್ಮ ಹಳೆಯ ಟ್ಯೂಬ್‌ಲೈಟಿನ ಒಳಗೆ ಹುಟ್ಟಿ, ಗಾಜಿನ ಲೇಪಕ್ಕೆ ಬಡಿದು ಬಿಳಿ ಬೆಳಕಾಗುತ್ತಿದ್ದ ಅತಿನೇರಳೆ ಕಿರಣ ಇದೇ) ಆವಿಗೆ ಹಾಯಿಸಿ ಪರಮಾಣುಗಳನ್ನು ಉದ್ರೇಕಿಸಬೇಕು. ಜೊತೆಗೇ ರೇಡಿಯೊ ಅಲೆಯನ್ನೂ ಹರಿಸಬೇಕು. ಅಲೆಯ ಆವೃತ್ತಿ ಸರಿಹೊಂದಿದ ಕ್ಷಣ ಆವಿ ಹೊರಸೂಸುವ ಬೆಳಕಿನ ಧ್ರುವೀಕರಣ ಬದಲಾಗುತ್ತದೆ. ಈ ‘ಇಮ್ಮಡಿ ಅನುರಣನ’ವನ್ನು ಇಬ್ಬರೂ 1949ರಲ್ಲಿ ಸೂಚಿಸಿದರು. ಬ್ರೊಸೆಲ್ ಅಮೆರಿಕದ ಎಂಐಟಿಯಲ್ಲಿ ಬಿಟರ್ ಎಂಬಾತನೊಡನೆ ಅದನ್ನು ಪ್ರಯೋಗದಲ್ಲಿ ತೋರಿಸಿದ.

ದ್ಯುತಿ ಪಂಪಿಂಗಿನ ಸೂಚನೆ ಬಂದದ್ದು 1950ರಲ್ಲಿ. ಕಾಂತಕ್ಷೇತ್ರದಲ್ಲಿ ಪರಮಾಣುವಿನ ತಳಮಟ್ಟ ತೀರ ಹತ್ತಿರ ಹತ್ತಿರದ ಉಪಮಟ್ಟಗಳಾಗಿ ಸೀಳುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಎಲ್ಲ ಉಪಮಟ್ಟಗಳಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಪರಮಾಣುಗಳಿರುವುದರಿಂದ ಅವುಗಳ ನಡುವಿನ ಜಿಗಿತ ಕಣ್ಣಿಗೆ ಬೀಳುವುದಿಲ್ಲ. ಈಗ ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕನ್ನು ಬಿಡೋಣ. ಒಂದು ಉಪಮಟ್ಟದ ಪರಮಾಣು ಅದನ್ನು ಹೀರಿ ಮೇಲೇರುತ್ತದೆ. ಇಳಿಯುವಾಗ ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ. ಇಲ್ಲಿಗೇ ಬಿದ್ದರೆ ಬೆಳಕು ಮತ್ತೆ ಎತ್ತುತ್ತದೆ. ಅಲ್ಲಿಗೆ ಬಿದ್ದದ್ದನ್ನು ಎತ್ತಲಾರದು, ಏಕೆಂದರೆ ಕೋನೀಯ ಸಂವೇಗದ ಲೆಕ್ಕ ಹೊಂದುವುದಿಲ್ಲ. ಹೀಗೆ ಎತ್ತಿ ಸುರಿದು ಎತ್ತಿ ಸುರಿದು, ಕೊನೆಗೆ ಒಂದು ತೊಟ್ಟಿ ಬರಿದಾಗಿ ಇನ್ನೊಂದು ತುಂಬುತ್ತದೆ. ಪಂಪು ಎಂಬ ಮಾತು ಬರಿಯ ಅಲಂಕಾರವಲ್ಲ. ತುಂಬಿದ ಮೇಲೆ ಹೀರುವವರಿಲ್ಲದೆ ಆವಿ ಬೆಳಕಿಗೆ ಪಾರದರ್ಶಕವಾಗುತ್ತದೆ. ಆಗ ತಕ್ಕ ಆವೃತ್ತಿಯ ರೇಡಿಯೊ ಅಲೆ ಪರಮಾಣುಗಳನ್ನು ಹಿಂದಕ್ಕೆ ತಳ್ಳಿದರೆ ಆವಿ ಮತ್ತೆ ಮಬ್ಬಾಗುತ್ತದೆ. ರೇಡಿಯೊ ಫೋಟಾನಿನ ಶಕ್ತಿ ಅತ್ಯಲ್ಪ. ಅದರ ಸುದ್ದಿಯನ್ನು ಹೊತ್ತು ತರುವ ಬೆಳಕಿನ ಫೋಟಾನಿನ ಶಕ್ತಿ ಎಷ್ಟೋ ಪಟ್ಟು ಹೆಚ್ಚು. ವಿಧಾನದ ಚೆಲುವು ಇರುವುದು ಇಲ್ಲಿ. ಒಂದು ದೀಪ, ಒಂದು ಗಾಜಿನ ಬುರುಡೆ, ಒಂದು ಧ್ರುವೀಕಾರಕ, ಒಂದು ರೇಡಿಯೊ ಸುರುಳಿ: ದೈತ್ಯಯಂತ್ರಗಳ ಕಾಲದಲ್ಲಿ ಇಷ್ಟು ಅಗ್ಗದ ಸಲಕರಣೆಗೆ ನೊಬೆಲ್ ಬಂದದ್ದು ಗಮನಾರ್ಹ.

ಬ್ರೊಸೆಲ್ ಮತ್ತು ವಿಂಟರ್ ಎಂಬಾತನ ಜೊತೆಗೆ 1952ರಲ್ಲಿ ಸೋಡಿಯಂ ಪರಮಾಣುಗಳ ಮೇಲೆ ಈ ವಿಧಾನ ಪ್ರಯೋಗದಲ್ಲಿ ಯಶಸ್ವಿಯಾಯಿತು. ಬುರುಡೆಯಲ್ಲಿ ಬೇರೆ ಅನಿಲ ಬೆರೆತರೆ ಪ್ರಯೋಗ ಕೆಡಬೇಕು ಎಂಬುದು ಸಹಜ ಊಹೆ, ಆದದ್ದು ವಿರುದ್ಧ. ಅನಿಲ ಪರಮಾಣುಗಳನ್ನು ಗಾಜಿನ ಗೋಡೆಗೆ ಬೇಗ ಬಡಿಯದಂತೆ ತಡೆದು, ತುಂಬಿದ ತೊಟ್ಟಿಯನ್ನು ಹೆಚ್ಚು ಹೊತ್ತು ಕಾಯ್ದಿತು.

ಕಾಸ್ಟ್ಲರನನ್ನು ಲೇಸರಿನ ಜನಕ ಎನ್ನುವುದುಂಟು. ಅದು ಸರಿಯಲ್ಲ. ಮಟ್ಟಗಳ ನಡುವೆ ಪರಮಾಣುಗಳ ಸಂಖ್ಯೆಯನ್ನು ಬೆಳಕಿನಿಂದ ಏರುಪೇರು ಮಾಡುವ ವಿಚಾರ ಲೇಸರಿಗೆ ನೆರವಾಯಿತೆಂದರೆ ಸಾಕು. ನೇರ ವಾರಸುದಾರಿಕೆ ಇರುವುದು ರುಬಿಡಿಯಂ ಗಡಿಯಾರಕ್ಕೆ. ಅದರಲ್ಲಿ ರುಬಿಡಿಯಂ-87ರ ಎರಡು ಮಟ್ಟಗಳ ನಡುವಿನ 6.8347 ಗಿಗಾಹರ್ಟ್ಸ್ ಆವೃತ್ತಿಯನ್ನು ಬೆಳಕಿನ ಪಂಪಿನಿಂದಲೇ ಹಿಡಿಯುವುದು. ಪಥದರ್ಶಕ ಉಪಗ್ರಹಗಳಲ್ಲಿ ಇಂಥ ಗಡಿಯಾರಗಳಿವೆ. ಇಸ್ರೊ 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿದ್ದ ಗಡಿಯಾರಗಳಲ್ಲಿ ಒಂದು ಭಾರತದಲ್ಲೇ ತಯಾರಾದದ್ದು.

1950ರ ಅದೇ ಲೇಖನದಲ್ಲಿ, ಬೆಳಕು ಆವಿಯನ್ನು ತಣಿಸಲೂಬಹುದು ಎಂಬ ಸೂಚನೆಯೂ ಇತ್ತು. ಕಾಸ್ಟ್ಲರ್ ಊಹಿಸಿದ ದಾರಿಯೇ ಬೇರೆಯಾದರೂ, ಲೇಸರಿನಿಂದ ಪರಮಾಣುಗಳನ್ನು ತಣಿಸಿ ಹಿಡಿದದ್ದಕ್ಕೆ 1997ರ ನೊಬೆಲ್ ಹಂಚಿಕೊಂಡವರಲ್ಲಿ ಶಿಷ್ಯ ಕ್ಲೋದ್ ಕೊಹೆನ್-ತನೂಜಿ ಒಬ್ಬ. ಆತನ ಶಿಷ್ಯ ಸರ್ಜ್ ಅರೋಶ್ 2012ರಲ್ಲಿ ನೊಬೆಲ್ ಪಡೆದ. ಒಂದೇ ಪ್ರಯೋಗಾಲಯದ ಮೂರು ತಲೆಮಾರು.

ಪ್ರಯೋಗಾಲಯದ ಹೊರಗೆ ಕಾಸ್ಟ್ಲರ್ ಅಣ್ವಸ್ತ್ರಗಳನ್ನೂ ಅಲ್ಜೀರಿಯಾ ಯುದ್ಧವನ್ನೂ ವಿರೋಧಿಸಿದ. 1979ರಲ್ಲಿ ಹಸಿವಿನ ವಿರುದ್ಧ ಸ್ಥಾಪನೆಯಾದ ಫ್ರೆಂಚ್ ಸಂಸ್ಥೆಯ ಮೊದಲ ಅಧ್ಯಕ್ಷನೂ ಈತನೇ. ಬಾಲ್ಯದ ಭಾಷೆಯನ್ನು ಬಿಡಲಿಲ್ಲ; 1971ರಲ್ಲಿ ಜರ್ಮನ್ ಕವಿತೆಗಳ ಸಂಕಲನವೊಂದನ್ನು ಹೊರತಂದ. ಮಗ ದಾನ್ಯೆಲ್ ಕ್ವಾಂಟಂ ಕ್ಷೇತ್ರ ಸಿದ್ಧಾಂತದಲ್ಲಿ ಹೆಸರು ಮಾಡಿದ.

1984ರ ಜನವರಿ 7ರಂದು ದಕ್ಷಿಣ ಫ್ರಾನ್ಸಿನ ಬಂದೋಲಿನಲ್ಲಿ ಕಾಸ್ಟ್ಲರ್ ತೀರಿಕೊಂಡ. ನೊಬೆಲಿನಲ್ಲಿ ಬ್ರೊಸೆಲನಿಗೆ ಪಾಲು ಸಿಗಲಿಲ್ಲ. ಇಬ್ಬರೂ ಕಟ್ಟಿದ ಪ್ಯಾರಿಸಿನ ಪ್ರಯೋಗಾಲಯಕ್ಕೆ 1994ರಿಂದ ಕಾಸ್ಟ್ಲರ್ ಬ್ರೊಸೆಲ್ ಪ್ರಯೋಗಾಲಯ ಎಂದು ಹೆಸರು.