ಮೇಪಲ್ ಓಲ್ಡ್ ಫ್ಯಾಶನ್ಡ್: ಮನೆಯಲ್ಲಿ ಮಾಡೋದು ಹೇಗೆ, ಲೋಟದೊಳಗೆ ಇರೋದು ಏನೇನು?

ವಿಸ್ಕಿ, ಸಿಹಿ, ನೀರು, ಬಿಟರ್ಸ್. ಇಷ್ಟೇ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಗೆ ಓದುಗನೊಬ್ಬ ‘ಈ ಕಾಕ್‌ಟೇಲ್ ಅಂದ್ರೆ ಏನ್ರೀ?’ ಅಂತ ಕೇಳಿದಾಗ ಸಂಪಾದಕ ಕೊಟ್ಟ ಪಟ್ಟಿಯೂ ಹೆಚ್ಚುಕಡಿಮೆ ಇದೇ: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ಜೊತೆಗೆ ಆತ ಒಂದು ರಾಜಕೀಯ ಕುಟುಕನ್ನೂ ಸೇರಿಸಿದ್ದ. ಚುನಾವಣೆಗೆ ನಿಂತ ಡೆಮಾಕ್ರಟಿಕ್ ಅಭ್ಯರ್ಥಿಗೆ ಇದು ಬಹಳ ಉಪಯೋಗದ ವಸ್ತು, ಯಾಕಂದ್ರೆ ಇದನ್ನು ನುಂಗಿದವನು ಆಮೇಲೆ ಏನನ್ನು ಬೇಕಾದರೂ ನುಂಗುತ್ತಾನೆ ಎಂಬುದು ಅದರ ತಾತ್ಪರ್ಯ. ಅಂದರೆ ಕಾಕ್‌ಟೇಲ್ ಪದಕ್ಕೆ ಸಿಕ್ಕಿದ ಮೊದಲ ಅಚ್ಚಿನ ವಿವರಣೆಯೇ ಒಂದು ಪಕ್ಷದ ಮೇಲಿನ ಟೀಕೆ.

ಮುಂದೆ ಬಾರ್‌ಗಳಲ್ಲಿ ಇದಕ್ಕೆ ಅದೂ ಇದೂ ಸುರಿಯತೊಡಗಿದಾಗ ‘ನಮಗೆ ಹಳೇ ಥರದ್ದೇ ಕೊಡಿ’ ಅಂತ ಗಿರಾಕಿಗಳು ಕೇಳಿ ಕೇಳಿ ‘ಓಲ್ಡ್ ಫ್ಯಾಶನ್ಡ್’ ಅನ್ನೋ ಹೆಸರು ನಿಂತಿತು. ಅದರಲ್ಲಿ ಸಕ್ಕರೆ ತೆಗೆದು ಮೇಪಲ್ ಸಿರಪ್ ಹಾಕಿದರೆ ನಾವು ಮಾತಾಡ್ತಿರೋ ಪಾನೀಯ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಕೆನಡಾದಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಮನೆಮನೆಯಲ್ಲೂ ಮಾಡಿಕೊಳ್ಳೋದು.

ಮೊದಲು ಮಾಡೋಣ

ಬೂರ್ಬನ್ ಅಥವಾ ರೈ ವಿಸ್ಕಿ 60 ಮಿ.ಲೀ., ಮೇಪಲ್ ಸಿರಪ್ 10 ಮಿ.ಲೀ. ಅಂದರೆ ಎರಡು ಟೀ ಚಮಚ, ಅಂಗೊಸ್ಟುರಾ ಬಿಟರ್ಸ್ ಎರಡು ಚಿಮುಕು, ಕಿತ್ತಳೆ ಸಿಪ್ಪೆಯ ಒಂದು ತೆಳು ಪಟ್ಟಿ, ಐಸ್. ಶೇಕರ್, ಜಿಗ್ಗರ್ ಏನೂ ಬೇಡ. ಕೆಮ್ಮಿನ ಔಷಧಿಯ ಜೊತೆ ಬರೋ ಅಳತೆಯ ಮುಚ್ಚಳ, ಒಂದು ದೊಡ್ಡ ಸ್ಟೀಲ್ ಲೋಟ, ಉದ್ದನೆಯ ಚಮಚ ಸಾಕು.

ಲೋಟಕ್ಕೆ ಮೊದಲು ಸಿರಪ್ ಮತ್ತು ಬಿಟರ್ಸ್ ಹಾಕಿ, ಮೇಲೆ ವಿಸ್ಕಿ ಸುರಿದು, ಐಸ್ ಹಾಕುವ ಮುಂಚೆಯೇ ಕಲಸಿ. ಈ ಕ್ರಮಕ್ಕೆ ಕಾರಣ ಇದೆ. ತಣ್ಣಗಾದಂತೆ ಸಿರಪ್ ಮಂದವಾಗುತ್ತದೆ. ಮೊದಲೇ ಐಸ್ ಬಿದ್ದರೆ ಅದು ತಳದಲ್ಲಿ ಕೂತುಬಿಡುತ್ತದೆ, ಮೊದಲ ಗುಟುಕು ಕಹಿ, ಕೊನೆಯದು ಪಾನಕ. ಕಲಸಿದ ಮೇಲೆ ಲೋಟ ತುಂಬ ಐಸ್ ಹಾಕಿ ಸುಮಾರು ಮೂವತ್ತು ಸೆಕೆಂಡ್ ತಿರುವಿ. ಕುಲುಕಬೇಡಿ. ನಿಂಬೆರಸ, ಹಾಲು, ಮೊಟ್ಟೆ ಇರೋ ಪಾನೀಯಕ್ಕೆ ಗಾಳಿ ಸೇರಬೇಕು, ಇದಕ್ಕೆ ಬೇಡ. ನಂತರ ಒಂದು ದೊಡ್ಡ ಐಸ್ ತುಂಡಿರುವ ಬೇರೆ ಲೋಟಕ್ಕೆ ಸೋಸಿ. ದೊಡ್ಡ ತುಂಡು ಯಾಕೆ ಅಂದರೆ, ಗಾತ್ರಕ್ಕೆ ಹೋಲಿಸಿದರೆ ಅದರ ಮೇಲ್ಮೈ ಕಡಿಮೆ, ನಿಧಾನ ಕರಗುತ್ತದೆ. ಹಿಂದಿನ ರಾತ್ರಿ ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರಿಟ್ಟರೆ ಆಯ್ತು. ಕಿತ್ತಳೆ ಸಿಪ್ಪೆಯ ಹೊರಮೈಯನ್ನು ಲೋಟದ ಕಡೆ ಹಿಡಿದು ಹಿಂಡಿದರೆ ಎಣ್ಣೆಯ ತುಂತುರು ಮೇಲೆ ಬೀಳುತ್ತದೆ. ಆಮೇಲೆ ಸಿಪ್ಪೆಯನ್ನೂ ಹಾಕಿಬಿಡಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರಿಂಗ್ ಓದಿದ ಚಾಳಿ ಬಿಡಲ್ಲ. ಶೇ. 45 ಆಲ್ಕೋಹಾಲ್ ಇರುವ 60 ಮಿ.ಲೀ. ಬೂರ್ಬನ್‌ನಲ್ಲಿ ಶುದ್ಧ ಆಲ್ಕೋಹಾಲ್ 27 ಮಿ.ಲೀ. ಸಿರಪ್ 10, ಕರಗಿದ ಐಸ್ ಸುಮಾರು 25. ಒಟ್ಟು 95 ಮಿ.ಲೀ., ಅದರಲ್ಲಿ ಆಲ್ಕೋಹಾಲ್ ಶೇ. 28ರ ಆಸುಪಾಸು. ತೂಕದಲ್ಲಿ ಹೇಳೋದಾದರೆ 21 ಗ್ರಾಂ. ನಮ್ಮಲ್ಲಿ ಶೇ. 42.8 ಅಂತ ಬರೆದಿರೋ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಇರೋದು 10 ಗ್ರಾಂ. ಅಂದರೆ ಈ ಒಂದು ಲೋಟ ಎರಡು ಪೆಗ್‌ಗಿಂತ ತುಸು ಜಾಸ್ತಿಯೇ. ಆದರೆ ನಾಲಿಗೆಗೆ ಹಾಗನ್ನಿಸಲ್ಲ, ಸಿಹಿಗೆ ಉರಿಯನ್ನು ಮುಚ್ಚಿಡೋ ಗುಣ ಇದೆ. ಎರಡು ಲೋಟ ಕುಡಿದವರು ‘ಎರಡೇ ಡ್ರಿಂಕ್’ ಅಂತ ಪ್ರಾಮಾಣಿಕವಾಗಿಯೇ ನಂಬಿ ಗಾಡಿ ಕೀಲಿ ತೆಗೆದುಕೊಳ್ಳೋದು ಹೀಗೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.; ಅದನ್ನು ದಾಟೋಕೆ ಬಹಳ ಜನರಿಗೆ ಇಂಥದ್ದು ಒಂದೇ ಸಾಕು. ಆಲ್ಕೋಹಾಲ್‌ಗೆ ‘ಸುರಕ್ಷಿತ ಪ್ರಮಾಣ’ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿದೆ. ಹಾಗಾಗಿ ನನ್ನ ಸಲಹೆ 45 ಮಿ.ಲೀ. ವಿಸ್ಕಿ, 7 ಮಿ.ಲೀ. ಸಿರಪ್. ರುಚಿಯಲ್ಲಿ ವ್ಯತ್ಯಾಸ ಇಲ್ಲ. ಕಾರ್ ಮನೆಯಲ್ಲೇ ಇರಲಿ.

ಹಿಮದ ನಾಡಿನ ಆಲೆಮನೆ

ಮೇಪಲ್ ಸಿರಪ್ ಹೇಗೆ ಆಗುತ್ತೆ ಅಂತ ಮಂಡ್ಯದವರಿಗೆ, ಮಲೆನಾಡಿನವರಿಗೆ ವಿವರಿಸೋದು ಸುಲಭ. ಅದು ಮರದ ರಸದ ಆಲೆಮನೆ, ಗಾಣ ಒಂದು ಇರಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ತುಸು ಬಿಸಿಲು ಇದ್ದಾಗ ಮರದೊಳಗೆ ಒತ್ತಡ ಏರಿಳಿಯುತ್ತದೆ, ಕಾಂಡಕ್ಕೆ ಕೊರೆದ ಸಣ್ಣ ತೂತಿನಿಂದ ರಸ ತೊಟ್ಟಿಕ್ಕುತ್ತದೆ. ನೋಡೋಕೆ ನೀರೇ. ಸಕ್ಕರೆ ಅಂಶ ಶೇ. 2ರಷ್ಟು. ಅದನ್ನು ಕುದಿಸಿ ಕುದಿಸಿ ಶೇ. 66 ದಾಟಿಸಬೇಕು. ನೀರಿನ ಕುದಿಬಿಂದುವಿಗಿಂತ ಸುಮಾರು 4 ಡಿಗ್ರಿ ಮೇಲೆ ಹೋದಾಗ ಪಾಕ ಬಂತು ಅಂತ ಲೆಕ್ಕ. 40 ಲೀಟರ್ ರಸಕ್ಕೆ 1 ಲೀಟರ್ ಸಿರಪ್. ಬಾಟಲಿಯ ಬೆಲೆ ನೋಡಿ ಹುಬ್ಬೇರಿಸುವ ಮುಂಚೆ ಆ ಸೌದೆಯನ್ನೊಮ್ಮೆ ನೆನೆಸಿಕೊಳ್ಳಿ. ಈಗ ದೊಡ್ಡ ಉತ್ಪಾದಕರು ರಿವರ್ಸ್ ಆಸ್ಮೋಸಿಸ್ ಯಂತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ನೀರನ್ನು ಮೊದಲೇ ತೆಗೆದುಬಿಡುತ್ತಾರೆ, ನಮ್ಮ ಅಡುಗೆಮನೆಯ ನೀರಿನ ಫಿಲ್ಟರ್‌ನದೇ ತತ್ವ.

ಈ ವಿದ್ಯೆ ಯುರೋಪಿನಿಂದ ಬಂದವರದ್ದಲ್ಲ. ಅನಿಶಿನಾಬೆ, ಅಬೆನಾಕಿ, ಹೋಡೆನೊಶೋನಿ ಮುಂತಾದ ಮೂಲನಿವಾಸಿ ಸಮುದಾಯಗಳು ಅವರಿಗಿಂತ ಬಹಳ ಮೊದಲೇ ರಸ ಇಳಿಸಿ ಕಾಸುತ್ತಿದ್ದವು. ವಲಸೆ ಬಂದವರು ಕಲಿತದ್ದು ಅವರಿಂದ.

1790ರ ದಶಕದಲ್ಲಿ ಇದೇ ಸಿಹಿ ಒಂದು ಚಳವಳಿಯ ಸರಕಾಯಿತು. ಕೆರಿಬಿಯನ್ ದ್ವೀಪಗಳ ಕಬ್ಬಿನ ಸಕ್ಕರೆ ಗುಲಾಮರ ರಕ್ತದ್ದು, ಅದನ್ನು ಮುಟ್ಟಬೇಡಿ, ನಮ್ಮದೇ ಮರದ ಸಕ್ಕರೆ ತಿನ್ನಿ ಎಂದು ಕ್ವೇಕರ್‌ಗಳೂ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್ ಅವರೂ ಪ್ರಚಾರ ಮಾಡಿದರು. ಥಾಮಸ್ ಜೆಫರ್ಸನ್‌ಗೂ ಉತ್ಸಾಹ ಬಂತು. 1791ರಲ್ಲಿ ಸಸಿಗಳನ್ನು ತರಿಸಿ ವರ್ಜೀನಿಯಾದ ತನ್ನ ಮಾಂಟಿಚೆಲ್ಲೊ ಎಸ್ಟೇಟಿನಲ್ಲಿ ನೆಡಿಸಿದ. ಆ ಎಸ್ಟೇಟ್ ನಡೆಯುತ್ತಿದ್ದುದೇ ಗುಲಾಮರ ದುಡಿಮೆಯಿಂದ! ಸಕ್ಕರೆಯಲ್ಲಿ ಗುಲಾಮಗಿರಿ ಬೇಡ, ಹೊಲದಲ್ಲಿ ಇರಲಿ. ಗಿಡಗಳು ಅಲ್ಲಿ ಸರಿಯಾಗಿ ಹತ್ತಲೂ ಇಲ್ಲ.

ಇವತ್ತು ಜಗತ್ತಿನ ಮೇಪಲ್ ಸಿರಪ್ಪಿನ ಸುಮಾರು ಶೇ. 70 ಬರೋದು ಕೆನಡಾದ ಕ್ವಿಬೆಕ್ ಪ್ರಾಂತ್ಯವೊಂದರಿಂದ. ಅಲ್ಲಿನ ವ್ಯವಸ್ಥೆ ನಮ್ಮಲ್ಲಿ ಬೆಂಬಲ ಬೆಲೆ, ಎಪಿಎಂಸಿ ಬಗ್ಗೆ ವಾದ ಮಾಡುವ ಎಲ್ಲರೂ ಒಮ್ಮೆ ನೋಡಬೇಕಾದ್ದು. ಬೆಳೆಗಾರರ ಸಂಘವೇ ಕೋಟಾ ನಿಗದಿ ಮಾಡುತ್ತದೆ, ಸಗಟು ಸರಕು ಅದರ ಮೂಲಕವೇ ಮಾರಾಟವಾಗಬೇಕು, ಹೆಚ್ಚು ಇಳುವರಿ ಬಂದ ವರ್ಷದ್ದನ್ನು ಗೋದಾಮಿನಲ್ಲಿ ಪೀಪಾಯಿಗಟ್ಟಲೆ ಕಾಪಿಟ್ಟು ಕೊರತೆಯ ವರ್ಷ ಹೊರಗೆ ಬಿಡುತ್ತಾರೆ. ಬೆಲೆ ಕುಸಿಯಲ್ಲ. ಒಪ್ಪದ ರೈತರೂ ಇದ್ದಾರೆ, ತಮ್ಮ ಸರಕನ್ನು ತಮಗೆ ಬೇಕಾದವರಿಗೆ ಮಾರೋ ಹಕ್ಕಿಲ್ಲ ಅನ್ನೋದು ಅವರ ದೂರು, ಅದನ್ನು ತಳ್ಳಿಹಾಕೋಕೂ ಆಗಲ್ಲ. ಆದರೂ ಟೊಮೆಟೊ ರಸ್ತೆಗೆ ಸುರಿಯೋದನ್ನು ಪ್ರತಿ ವರ್ಷ ನೋಡೋ ರಾಜ್ಯದವನಾಗಿ ನನಗೆ ಆ ಗೋದಾಮಿನ ಮೇಲೆ ಸ್ವಲ್ಪ ಅಸೂಯೆ ಇದೆ. 2011-12ರಲ್ಲಿ ಅದೇ ದಾಸ್ತಾನಿನಿಂದ ಸುಮಾರು 3,000 ಟನ್ ಸಿರಪ್ ಕಳುವಾಯ್ತು, ಕೆಲವು ಪೀಪಾಯಿಗಳಿಗೆ ನೀರು ತುಂಬಿ ವಾಪಸ್ ಇಟ್ಟಿದ್ದರು. ಮೌಲ್ಯ 1.8 ಕೋಟಿ ಕೆನಡಿಯನ್ ಡಾಲರ್‌ಗೂ ಹೆಚ್ಚು. ಮುಖ್ಯ ಆರೋಪಿಗೆ ವಿಧಿಸಿದ ದಂಡದ ಪ್ರಶ್ನೆ 2022ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು.

ವಿಸ್ಕಿಯೊಳಗೂ ಮೇಪಲ್ ಇದೆ

ಬೂರ್ಬನ್ ಅನ್ನಿಸಿಕೊಳ್ಳೋಕೆ ಅಮೆರಿಕದಲ್ಲೇ ತಯಾರಾಗಬೇಕು, ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿ ಇಡಬೇಕು. ಸುಟ್ಟ ಓಕ್ ವೆನಿಲಿನ್ ಎಂಬ ಸುವಾಸನೆಯ ಅಂಶವನ್ನು ಬಿಡುತ್ತದೆ. ಮೇಪಲ್ ಸಿರಪ್ಪಿನಲ್ಲೂ ವೆನಿಲಿನ್ ಇದೆ. ಎರಡೂ ಒಂದಕ್ಕೊಂದು ಹೊಂದೋದರ ಗುಟ್ಟು ಅದು.

ಟೆನೆಸಿ ವಿಸ್ಕಿಯದ್ದು ಇನ್ನೂ ಹತ್ತಿರದ ನಂಟು. ಪೀಪಾಯಿಗೆ ಹೋಗುವ ಮುಂಚೆ ಅದನ್ನು ಮೇಪಲ್ ಮರದ ಇದ್ದಿಲಿನ ಮೂಲಕ ಸೋಸುತ್ತಾರೆ. 2013ರಿಂದ ಆ ರಾಜ್ಯದಲ್ಲಿ ಇದು ಕಾನೂನು. ಆ ರಾಜ್ಯದ ಅತಿ ಪ್ರಸಿದ್ಧ ವಿಸ್ಕಿಯ ಒಡೆಯ ಜ್ಯಾಕ್ ಡೇನಿಯಲ್‌ಗೆ ಬಟ್ಟಿ ಇಳಿಸೋ ವಿದ್ಯೆ ಹೇಳಿಕೊಟ್ಟವರು ನಿಯರೆಸ್ಟ್ ಗ್ರೀನ್ ಎಂಬ ಕಪ್ಪು ಗುಲಾಮ. ಆ ಕಂಪನಿ ಇದನ್ನು ತನ್ನ ಅಧಿಕೃತ ಕಥೆಯಲ್ಲಿ ಎದ್ದು ಕಾಣುವಂತೆ ಹೇಳತೊಡಗಿದ್ದು 2016ರ ಹೊತ್ತಿಗೆ, ಅಂದರೆ ಸ್ಥಾಪನೆಯಾಗಿ 150 ವರ್ಷದ ಸಂಭ್ರಮ ಅಂತ ಸಾರಿಕೊಂಡ ವರ್ಷ. ಮೇಪಲ್ಲನ್ನು ಗುಲಾಮಗಿರಿಗೆ ಎದುರಾಗಿ ನಿಲ್ಲಿಸಿದ ದೇಶದಲ್ಲಿ ಅದರ ಇದ್ದಿಲಲ್ಲಿ ಸೋಸಿದ ವಿಸ್ಕಿಯ ಗುರುವಿಗೆ ಹೆಸರು ಸಿಗೋಕೆ ಇಷ್ಟು ಸಮಯ ಹಿಡಿಯಿತು.

ಇನ್ನು ಈ ಲೋಟದಲ್ಲಿ ಅಮೆರಿಕ ಮತ್ತು ಕೆನಡಾ ಒಟ್ಟಿಗೆ ಇರೋದೂ ಈಗ ಸುಲಭದ ಮಾತಲ್ಲ. ಟ್ರಂಪ್ ಸುಂಕಕ್ಕೆ ಉತ್ತರವಾಗಿ 2025ರ ಮಾರ್ಚ್‌ನಲ್ಲಿ ಒಂಟಾರಿಯೊ, ಕ್ವಿಬೆಕ್ ಸೇರಿ ಕೆನಡಾದ ಹಲವು ಪ್ರಾಂತ್ಯಗಳು ಸರ್ಕಾರಿ ಮದ್ಯದಂಗಡಿಗಳ ಕಪಾಟಿನಿಂದ ಅಮೆರಿಕದ ಬಾಟಲಿಗಳನ್ನು ಇಳಿಸಿಬಿಟ್ಟವು. ಟೊರಾಂಟೊದ ಕನ್ನಡಿಗರು ಕೆನಡಾದ್ದೇ ರೈ ವಿಸ್ಕಿ ಹಾಕಿದರೆ ನಷ್ಟವೇನಿಲ್ಲ, ಅದರ ಕಾಳುಮೆಣಸಿನಂಥ ಖಾರ ಸಿರಪ್ಪಿಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಭಾರತ ಉಲ್ಟಾ ದಿಕ್ಕಿನಲ್ಲಿ ನಡೆಯಿತು: 2025ರ ಫೆಬ್ರವರಿಯಲ್ಲಿ, ಮೋದಿ-ಟ್ರಂಪ್ ಭೇಟಿಯ ಹೊತ್ತಿಗೇ, ಬೂರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿತು.

ಬೆಂಗಳೂರಿನಲ್ಲಿ ಮಾಡೋರಿಗೆ

ಸುಂಕ ಇಳಿದರೂ ಬೂರ್ಬನ್ ಅಗ್ಗ ಅಲ್ಲ. ನಮ್ಮ ಸಾಮಾನ್ಯ ವಿಸ್ಕಿಗಳಲ್ಲಿ ಹೆಚ್ಚಿನವು ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ಸ್ವಲ್ಪ ಮಾಲ್ಟ್ ಬೆರೆಸಿದವು. ಯುರೋಪಿಯನ್ ಒಕ್ಕೂಟದಲ್ಲಿ ಅದನ್ನು ವಿಸ್ಕಿ ಅನ್ನೋ ಹೆಸರಲ್ಲಿ ಮಾರೋ ಹಾಗಿಲ್ಲ, ಅಲ್ಲಿ ಧಾನ್ಯದ್ದೇ ಆಗಿರಬೇಕು. ಅದರಲ್ಲೂ ಮಾಡಬಹುದು, ಆದರೆ ಸಿರಪ್ ಅರ್ಧ ಮಾಡಿ, ಬಿಟರ್ಸ್ ಒಂದು ಚಿಮುಕು ಹೆಚ್ಚಿಸಿ. 2004ರಲ್ಲಿ ಗ್ಲಾಸ್ಗೋಗೇ ಹೋಗಿ ಸ್ಕಾಟ್‌ಲ್ಯಾಂಡಿನವರ ಮುಂದೆ ಸಿಂಗಲ್ ಮಾಲ್ಟ್ ಇಟ್ಟ ನಮ್ಮ ಅಮೃತ್ ಬಾಟಲಿ ಮನೆಯಲ್ಲಿದ್ದರೆ ಅದನ್ನು ಹಾಗೇ ಕುಡೀರಿ, ಸಿರಪ್ ಹಾಕಿ ಕೆಡಿಸೋದ್ಯಾಕೆ.

ಸಿರಪ್ ಕೊಳ್ಳುವಾಗ ಲೇಬಲ್ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ಒಂದೇ ಒಂದು ಪದಾರ್ಥ ಇರಬೇಕು. ‘ಪ್ಯಾನ್‌ಕೇಕ್ ಸಿರಪ್’ ಅಂತಿದ್ದರೆ ಅದು ಸಾಮಾನ್ಯವಾಗಿ ಜೋಳದ ಸಿರಪ್ಪಿಗೆ ಬಣ್ಣ, ವಾಸನೆ ಸೇರಿಸಿದ್ದು. ಅಸಲಿಯಲ್ಲಿ ನಾಲ್ಕು ಬಣ್ಣಗಳಿವೆ. ಕಾಕ್‌ಟೇಲಿಗೆ ‘ಡಾರ್ಕ್’ ಅಂತ ಬರೆದಿರೋದೇ ಸರಿ, ತಿಳಿ ಬಣ್ಣದ್ದು ವಿಸ್ಕಿಯ ಮುಂದೆ ಕಳೆದುಹೋಗುತ್ತದೆ. ಅಂದಹಾಗೆ ಆ ಮೇಪಲ್ ಪರಿಮಳವನ್ನೇ ಹೋಲುವ ಸೋಟಲೋನ್ ಎಂಬ ಅಂಶ ನಮ್ಮ ಮೆಂತ್ಯದಲ್ಲಿದೆ. 2005ರಿಂದ ಆಗಾಗ ನ್ಯೂಯಾರ್ಕ್ ನಗರದಲ್ಲಿ ಎಲ್ಲಿಂದಲೋ ಮೇಪಲ್ ವಾಸನೆ ಹರಡಿ ಜನ ಗಾಬರಿಯಾಗಿದ್ದರು. ಪಕ್ಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಸಂಸ್ಕರಿಸುತ್ತಿದ್ದ ಮೆಂತ್ಯದ್ದೇ ಆ ವಾಸನೆ ಅಂತ 2009ರಲ್ಲಿ ಪತ್ತೆಯಾಯ್ತು.

ಮೇಪಲ್ ಸಿಗದಿದ್ದರೆ ಜೋನಿಬೆಲ್ಲ. ಇದನ್ನು ನಾನು ಬದಲಿ ಅಂತ ಹೇಳ್ತಿಲ್ಲ, ಕೆಲವು ಸಲ ಇದೇ ಮೇಲು. ಎರಡು ಚಮಚ ಜೋನಿಬೆಲ್ಲಕ್ಕೆ ಒಂದು ಚಮಚ ಬಿಸಿನೀರು ಬೆರೆಸಿ ಸೋಸಿ, 10 ಮಿ.ಲೀ. ಹಾಕಿ. ಅದರ ಸಣ್ಣ ಉಪ್ಪುಪ್ಪು ಗುಣಕ್ಕೆ ಕಿತ್ತಳೆ ಸಿಪ್ಪೆ ಚೆನ್ನಾಗಿ ಕೂರುತ್ತದೆ.

ಚಳಿಗೆ ಬಿಸಿಯದ್ದೇ ಬೇಕು ಅನ್ನಿಸಿದರೆ ಹಾಟ್ ಟಾಡಿ: ವಿಸ್ಕಿ 45 ಮಿ.ಲೀ., ಮೇಪಲ್ 10, ಅರ್ಧ ನಿಂಬೆ, ಎರಡು ಲವಂಗ, 120 ಮಿ.ಲೀ. ಬಿಸಿನೀರು. ನೀರು ಕುದಿ ಇಳಿದಿರಲಿ, ಇಲ್ಲದಿದ್ದರೆ ಪರಿಮಳವೆಲ್ಲ ಹಬೆಯಲ್ಲಿ ಹೋಗುತ್ತೆ. ‘ಟಾಡಿ’ ಅನ್ನೋ ಇಂಗ್ಲಿಷ್ ಪದ ಬಂದಿದ್ದು ಹಿಂದಿಯ ‘ತಾಡಿ’ಯಿಂದ, ತಾಳೆಮರದ ಹೆಂಡದಿಂದ. ಮರದ ರಸದ ಹೆಸರಿಟ್ಟುಕೊಂಡ ಪಾನೀಯಕ್ಕೆ ಮರದ ರಸವನ್ನೇ ಸಿಹಿಯಾಗಿ ಹಾಕಿದ ಹಾಗಾಯ್ತು. ಮದ್ಯ ಬೇಡದವರು ವಿಸ್ಕಿಯ ಜಾಗಕ್ಕೆ ಗಟ್ಟಿ ಚಹಾ ಡಿಕಾಕ್ಷನ್ ಹಾಕಿ. ಓಲ್ಡ್ ಫ್ಯಾಶನ್ಡನ್ನೇ ಹೀಗೆ ಮಾಡೋದಾದರೆ ಬಿಟರ್ಸ್ ಕೂಡ ಬಿಡಿ, ಅಂಗೊಸ್ಟುರಾದಲ್ಲೇ ಶೇ. 44.7 ಆಲ್ಕೋಹಾಲ್ ಇದೆ.

ತೆರೆದ ಸಿರಪ್ ಬಾಟಲಿ ಫ್ರಿಜ್‌ನಲ್ಲಿರಲಿ, ಹೊರಗಿಟ್ಟರೆ ಬೂಸ್ಟು ಬರುತ್ತೆ. ಫ್ರೀಜರ್‌ನಲ್ಲಿಟ್ಟರೂ ಕಲ್ಲಾಗಲ್ಲ, ಅಷ್ಟು ಸಕ್ಕರೆ ಇದೆ. ಉಳಿದಿದ್ದನ್ನು ನೀರುದೋಸೆಗೆ ಹಾಕಿಕೊಳ್ಳಿ. ಕಾಯಿ-ಬೆಲ್ಲದಷ್ಟು ಚೆನ್ನಾಗಿರಲ್ಲ, ಆದರೂ ತಿನ್ನಬಹುದು.