ಮಿತಿಯೊಳಗಿನ ವೇತನ: ಶಿಕಾಗೋ ತಂಡದ ನಿದರ್ಶನ

ಹಣಕ್ಕೆ ಮಿತಿಯೊದಗಿದಾಗಲೇ ವಿವೇಕದ ಪರೀಕ್ಷೆ ಆರಂಭವಾಗುತ್ತದೆ. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗಿನ ಇತಿಹಾಸವು ಇದಕ್ಕೆ ನಿದರ್ಶನ. ಐಸ್ ಹಾಕಿಯ ಈ ಲೀಗಿನಲ್ಲಿ ಮಾಲೀಕರು ಹಾಗೂ ಆಟಗಾರರ ನಡುವಿನ ವೇತನ ವಿವಾದದಿಂದ 2004–05ನೇ ಸಾಲಿನ ಪಂದ್ಯಗಳೆಲ್ಲವೂ ರದ್ದಾದವು. ಮರುವರ್ಷ ಪ್ರತಿ ತಂಡದ ಒಟ್ಟು ವೇತನಕ್ಕೆ 3.9 ಕೋಟಿ ಡಾಲರುಗಳ ಗರಿಷ್ಠ ಮಿತಿ ಜಾರಿಗೆ ಬಂದಿತು. ಬಳಿಕ ಅದು ಏರುತ್ತ ಹೋಯಿತು.

ಶಿಕಾಗೋ ಬ್ಲ್ಯಾಕ್‌ಹಾಕ್ಸ್ ತಂಡವು 2006ರಲ್ಲಿ ಜೊನಾಥನ್ ಟೇವ್ಸ್, 2007ರಲ್ಲಿ ಪ್ಯಾಟ್ರಿಕ್ ಕೇನ್ ಎಂಬ ತರುಣರನ್ನು ಆಯ್ದುಕೊಂಡಿತು. ಹೊಸಬರ ವೇತನಕ್ಕೆ ನಿಯಮವೇ ಕಡಿವಾಣ ಹಾಕಿದ್ದರಿಂದ, ಉಳಿದ ಹಣದಲ್ಲಿ ಅನುಭವಿಗಳನ್ನು ಕೂಡಿಸಿಕೊಳ್ಳಲು ಸಾಧ್ಯವಾಯಿತು. 2009ರ ಡಿಸೆಂಬರಿನಲ್ಲಿ ಇಬ್ಬರಿಗೂ ವರ್ಷಕ್ಕೆ ತಲಾ 63 ಲಕ್ಷ ಡಾಲರುಗಳಂತೆ ಐದು ವರ್ಷಗಳ ಹೊಸ ಕರಾರಾಯಿತು. 2010ರ ಜೂನಿನಲ್ಲಿ ಕೇನ್ ಹೊಡೆದ ಗೋಲಿನಿಂದ 49 ವರ್ಷಗಳ ಬಳಿಕ ಸ್ಟ್ಯಾನ್ಲಿ ಕಪ್ ಶಿಕಾಗೋಗೆ ಮರಳಿತು.

ಆದರೆ ಖಾತೆಯ ಪುಸ್ತಕವು ಹರ್ಷವನ್ನರಿಯದು. ಕೆಲವೇ ವಾರಗಳಲ್ಲಿ ಡಸ್ಟಿನ್ ಬಫ್ಲಿನ್, ಆಂಡ್ರ್ಯೂ ಲ್ಯಾಡ್, ಕ್ರಿಸ್ ವರ್ಸ್ಟೀಗ್ ಬೇರೆ ತಂಡಗಳ ಪಾಲಾದರು. ಗೋಲ್‌ರಕ್ಷಕ ಆಂಟಿ ನಿಯೆಮಿಗೆ ಮಧ್ಯಸ್ಥರು ನಿಗದಿಪಡಿಸಿದ 27.5 ಲಕ್ಷ ಡಾಲರುಗಳನ್ನು ತೆರಲಾಗದೆ ತಂಡವು ಅವರನ್ನೂ ಬಿಟ್ಟುಕೊಟ್ಟಿತು.

ಉಳಿಸಿಕೊಂಡ ತರುಣರು 2013 ಹಾಗೂ 2015ರಲ್ಲಿ ಮತ್ತೆ ಕಪ್ ತಂದುಕೊಟ್ಟರು. ಆದುದರಿಂದ ನಿರ್ಣಯವು ತಪ್ಪೆನ್ನಲಾಗದು. ಆದರೂ ಮಿತಿಯಿರುವಲ್ಲಿ ಒಬ್ಬನಿಗೆ ಹೆಚ್ಚಿದ ಪಾಲು ಮತ್ತೊಬ್ಬನ ಪಾಲಿನಿಂದಲೇ ಬರತಕ್ಕದ್ದು. ಪ್ರತಿಭೆಗೆ ತಕ್ಕ ಬೆಲೆ ಕೊಡುವುದು ನ್ಯಾಯ. ಆ ಬೆಲೆಯನ್ನು ಯಾರು ತೆತ್ತರೆಂಬುದನ್ನು ಮರೆಯದಿರುವುದು ಯಜಮಾನನ ಕರ್ತವ್ಯ.